ಮಲ್ಪೆಯಿಂದ ತಂದ ಒಂದು ಬಾಟಲಿ ನೀರು

ಪ್ರಶ್ನೆ: ಶಾಲಾ ಪ್ರವಾಸದಲ್ಲಿ ಮಲ್ಪೆಗೆ ಹೋದಾಗ ರಾತ್ರಿ ತೆರೆಗಳು ನೀಲಿಯಾಗಿ ಮಿಂಚಿದವು. ಆ ನೀರನ್ನು ಬಾಟಲಿಯಲ್ಲಿ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಕಸ, ಮೇಲೆ ನಾತ ಬೇರೆ. ಎಲ್ಲಿ ತಪ್ಪಿತು? ಇಷ್ಟು ಸಣ್ಣ ಜೀವಿಗಳಿಂದ ಸಮುದ್ರಕ್ಕೇನು ಉಪಯೋಗ?
– ವಿಜ್ಞಾನ ಶಿಕ್ಷಕಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಮಿಂಚಿದ್ದು ಬಹುಶಃ ನಾಕ್ಟಿಲ್ಯೂಕಾ. ಅರ್ಧ ಮಿಲಿಮೀಟರ್ ಆಸುಪಾಸಿನ ಏಕಕೋಶ ಜೀವಿ, ನೀರು ಕದಡಿದರೆ ಬೆಳಕು ಬಿಡುತ್ತದೆ. ಮುಚ್ಚಳ ಬಿಗಿದ ಬಾಟಲಿ ಬಸ್ಸಿನ ಸೆಕೆಯಲ್ಲಿ ಶಹಾಪುರ ಮುಟ್ಟುವಷ್ಟರಲ್ಲಿ ಒಳಗಿನ ಆಮ್ಲಜನಕ ಮುಗಿದಿರುತ್ತದೆ. ಮೆತ್ತನೆ ಮೈಯವು ಮೊದಲು ಸಾಯುತ್ತವೆ, ಬ್ಯಾಕ್ಟೀರಿಯಾಗಳು ಅವನ್ನು ಕೊಳೆಸುತ್ತವೆ. ನಾತ ಅದರದ್ದೇ.

ಮುಂದಿನ ಸಲ ದಡದಲ್ಲೇ 100 ಮಿ.ಲೀ. ನೀರಿಗೆ ಸುಮಾರು 1 ಮಿ.ಲೀ. ಲುಗೋಲ್ ಅಯೋಡಿನ್ (ಜೀವಿಗಳನ್ನು ಕೊಳೆಯದಂತೆ ಕಾಪಿಡುವ ಅಯೋಡಿನ್ ದ್ರಾವಣ) ಬೆರೆಸಿ. ನೀರು ತಿಳಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬೇಕು. ಬಾಟಲಿಯನ್ನು ಕತ್ತಲಲ್ಲಿಡಿ; ಬಣ್ಣ ಹೋಯಿತೆಂದರೆ ಅಯೋಡಿನ್ ತೀರಿತು, ಇನ್ನೆರಡು ಹನಿ ಹಾಕಿ. ಊರಿಗೆ ಬಂದ ಮೇಲೆ 24 ಗಂಟೆ ಅಲುಗಿಸದೆ ಇಟ್ಟು, ಮೇಲಿನ ನೀರನ್ನು ಸಣ್ಣ ಪೈಪಿನಿಂದ ನಿಧಾನವಾಗಿ ತೆಗೆದು, ತಳದ ಹನಿಯನ್ನು ನೋಡಿ. ನಾಕ್ಟಿಲ್ಯೂಕಾ ಸುಕ್ಕಾಗಬಹುದು, ಸಿಲಿಕಾ ಚಿಪ್ಪಿನ ಏಕಕೋಶ ಪಾಚಿಗಳಾದ ಡಯಾಟಂಗಳು ಚೆನ್ನಾಗಿ ಕಾಣುತ್ತವೆ. ಜೀವಂತ ನೋಡುವ ಆಸೆಯಿದ್ದರೆ ಸೂಕ್ಷ್ಮದರ್ಶಕವನ್ನೇ ಮಲ್ಪೆಗೆ ಒಯ್ಯಿರಿ. ಸ್ಲೈಡಿಗೆ ನಲ್ಲಿ ನೀರು ಮಾತ್ರ ಸೋಕಬಾರದು, ಉಪ್ಪುನೀರಿನ ಕೋಶಗಳು ಉಬ್ಬಿ ಒಡೆಯುತ್ತವೆ.

ಇನ್ನು ಉಪಯೋಗ. ಪಾಚಿ, ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು), ಮೀನು ಎಂಬ ಪಠ್ಯದ ಸರಪಳಿ ಸುಳ್ಳಲ್ಲ, ಆದರೆ ಅರ್ಧವೇ. ಪಾಚಿಗಳು ಬದುಕಿದ್ದಾಗಲೂ ಒಂದಿಷ್ಟು ಸಾವಯವ ವಸ್ತುವನ್ನು ನೀರಿಗೆ ಸೋರಿಸುತ್ತವೆ. ವೈರಸ್ ತಗುಲಿ ಒಡೆದರೆ ಇನ್ನಷ್ಟು. ಕರಗಿದ್ದನ್ನು ಮೀನು ತಿನ್ನಲಾರದು. ಬ್ಯಾಕ್ಟೀರಿಯಾ ಹೀರುತ್ತದೆ. ಒಂದು ಮಿ.ಲೀ. ಕಡಲ ನೀರಿನಲ್ಲಿ ಅವು ಸುಮಾರು 10 ಲಕ್ಷ! ಅವನ್ನು ಬಾಲದಂಥ ಕಶಾಂಗವುಳ್ಳ ಪುಟ್ಟ ಜೀವಿಗಳು ತಿನ್ನುತ್ತವೆ, ಇವನ್ನು ಮೈಮೇಲೆ ಸಣ್ಣ ರೋಮಗಳಿರುವ ಏಕಕೋಶ ಸಿಲಿಯೇಟ್‌ಗಳು, ಅವುಗಳನ್ನು ಸಿಗಡಿಯ ಬಳಗದ ಪುಟ್ಟ ಪ್ರಾಣಿಗಳಾದ ಕೋಪಿಪಾಡ್‌ಗಳು. ಹೀಗೆ ನಷ್ಟವಾಗಬೇಕಿದ್ದ ಆಹಾರದ ಒಂದು ಪಾಲು ಮೀನಿನ ದಾರಿಗೆ ಮರಳುತ್ತದೆ. ತಿನ್ನುವಾಗ ಹೊರಬೀಳುವ ಸಾರಜನಕ, ರಂಜಕ ಮತ್ತೆ ಪಾಚಿಗೆ ಗೊಬ್ಬರ. 1983ರಲ್ಲಿ ಕಡಲ ಸೂಕ್ಷ್ಮಜೀವಿ ವಿಜ್ಞಾನಿ ಫಾರೂಕ್ ಆಜಂ ಮತ್ತು ಸಂಗಡಿಗರು ಇದಕ್ಕೆ ಮೈಕ್ರೋಬಿಯಲ್ ಲೂಪ್ (ಸೂಕ್ಷ್ಮಜೀವಿಗಳ ಸುತ್ತು) ಎಂದು ಹೆಸರಿಟ್ಟರು. 20 ಮೈಕ್ರಾನ್ (ಮಿಲಿಮೀಟರಿನ ಐವತ್ತನೇ ಒಂದು ಭಾಗ) ಕಣ್ಣಿನ ಬಲೆಯಲ್ಲೂ ಈ ಲೂಪಿನ ಜೀವಿಗಳಲ್ಲಿ ಬಹುಪಾಲು ಜಾರಿಹೋಗುತ್ತವೆ. ಬಲೆಗೆ ಬಿದ್ದದ್ದನ್ನಷ್ಟೇ ಎಣಿಸಿ ಕಡಲಿನ ಲೆಕ್ಕ ಹಾಕಬೇಡಿ.

ಮಳೆಗಾಲದ ಲೆಕ್ಕ ಬೇರೆ. ಆಗ ಕರಾವಳಿಯಲ್ಲಿ ಆಳದ ತಣ್ಣನೆ ನೀರು ನೈಟ್ರೇಟ್, ಸಿಲಿಕೇಟ್ ಹೊತ್ತು ಮೇಲೇರುತ್ತದೆ, ಡಯಾಟಂ ಹುಲುಸಾಗುತ್ತದೆ. ಬೂತಾಯಿ ಮೀನು ಅದನ್ನು ನೇರವಾಗಿಯೇ ಸೋಸಿ ತಿನ್ನುತ್ತದೆ.

ಡಯಾಟಂ ತೋರಿಸಲು ಮುಂದಿನ ಪ್ರವಾಸದವರೆಗೆ ಕಾಯಬೇಕಿಲ್ಲ. ಭೀಮಾ ನದಿಯ ಕಲ್ಲಿನ ಮೇಲಿನ ಕಂದು ಲೋಳೆಯನ್ನು ಹಳೇ ಬ್ರಷ್‌ನಿಂದ ಉಜ್ಜಿ, ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ.