ಕರ್ನಲ್ ಅಪ್‌ಡೇಟ್ ನಂತರ ಪೋಸ್ಟ್‌ಗ್ರೆಸ್ ನಿಧಾನ: ಮೊದಲು ಹ್ಯೂಜ್ ಪೇಜ್ ನೋಡಿ

32 ಜಿಬಿ ರ‍್ಯಾಮ್, 8 ಜಿಬಿ ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಕ್ಯಾಶ್‌ಗೆ ಇಟ್ಟುಕೊಳ್ಳುವ ಮೆಮೊರಿ) ಇರುವ ಲಿನಕ್ಸ್ ಸರ್ವರ್‌ನಲ್ಲಿ ಅಪ್‌ಡೇಟ್ ಆದಮೇಲೆ ಕ್ವೆರಿ ನಿಧಾನ, ಹಳೇ ಕರ್ನಲ್‌ಗೆ (ಲಿನಕ್ಸ್‌ನ ತಿರುಳು ಭಾಗ) ಮರಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಇಂಥ ಕಡೆ ಎಷ್ಟೋ ಸಲ ತೊಂದರೆ ಕರ್ನಲ್‌ನದ್ದಲ್ಲ, ರೀಬೂಟ್‌ನದ್ದು.

ರೀಬೂಟ್ ಆದಾಗ ಕ್ಯಾಶ್ ಪೂರ್ತಿ ಖಾಲಿಯಾಗುತ್ತದೆ, ಹಾಗಾಗಿ ಮೊದಲ ಒಂದೆರಡು ಗಂಟೆಯ ಅಳತೆ ನಂಬಬೇಡಿ. ಆಮೇಲೂ ನಿಧಾನವಿದ್ದರೆ ಪ್ರೊಕ್ ಡೈರೆಕ್ಟರಿಯ ಮೆಮ್‌ಇನ್ಫೋ ಫೈಲ್‌ನಲ್ಲಿ ಹ್ಯೂಜ್ ಪೇಜ್‌ಗಳ (ಮಾಮೂಲಿ 4 ಕೆಬಿಯ ಬದಲು 2 ಎಂಬಿಯ ದೊಡ್ಡ ಮೆಮೊರಿ ತುಂಡುಗಳ) ಒಟ್ಟು ಸಂಖ್ಯೆ ನೋಡಿ. ಸೊನ್ನೆ ಇದೆಯೇ? ಹಿಂದೆ ಯಾರೋ ಕಮಾಂಡ್‌ನಿಂದ ಕಾದಿರಿಸಿ, ಸಿಸ್‌ಕಂಟ್ರೋಲ್ ಫೈಲ್‌ನಲ್ಲಿ (ಬೂಟ್ ಆದಾಗಲೆಲ್ಲ ಓದುವ ಕರ್ನಲ್ ಸೆಟ್ಟಿಂಗ್‌ಗಳ ಫೈಲ್) ಬರೆಯದೇ ಬಿಟ್ಟಿರಬಹುದು, ಹಾಗಾಗಿ ರೀಬೂಟ್‌ನಲ್ಲಿ ಅದು ಹೋಗಿರುತ್ತದೆ. ಪೋಸ್ಟ್‌ಗ್ರೆಸ್‌ನ ಹ್ಯೂಜ್ ಪೇಜಸ್ ಸೆಟ್ಟಿಂಗ್ ಡೀಫಾಲ್ಟ್ ಆಗಿ 'ಟ್ರೈ'. ಸಿಗದಿದ್ದರೆ ಸದ್ದಿಲ್ಲದೆ 4 ಕೆಬಿ ಪೇಜ್‌ಗೆ ಇಳಿಯುತ್ತದೆ, ಕನೆಕ್ಷನ್ ಹೆಚ್ಚಿದ್ದರೆ ಪೇಜ್ ಟೇಬಲ್ (ಯಾವ ಪೇಜ್ ರ‍್ಯಾಮ್‌ನಲ್ಲಿ ಎಲ್ಲಿದೆ ಎಂಬ ಪಟ್ಟಿ) ಊದಿಕೊಳ್ಳುತ್ತದೆ.

8 ಜಿಬಿಗೆ 2 ಎಂಬಿಯ 4096 ಪೇಜ್ ಬೇಕು. ಉಳಿದ ಶೇರ್ಡ್ ಮೆಮೊರಿ ಸೇರಿಸಿ 4300 ಇಡಿ. ಇದನ್ನು ಸಿಸ್‌ಕಂಟ್ರೋಲ್ ಫೈಲ್‌ನಲ್ಲೇ ಬರೆದು, ಪೋಸ್ಟ್‌ಗ್ರೆಸ್‌ನ ಹ್ಯೂಜ್ ಪೇಜಸ್ ಸೆಟ್ಟಿಂಗ್ 'ಆನ್' ಮಾಡಿ. ಆಗ ಪೇಜ್ ಸಾಲದಿದ್ದರೆ ಡೇಟಾಬೇಸ್ ಶುರುವೇ ಆಗದು, ತಪ್ಪು ಕೂಡಲೇ ಗೊತ್ತಾಗುತ್ತದೆ.

2018ರ ಮೆಲ್ಟ್‌ಡೌನ್ ಪ್ಯಾಚ್ (ಸಿಪಿಯುನ ಒಂದು ಭದ್ರತಾ ದೋಷಕ್ಕೆ ಕರ್ನಲ್‌ನಲ್ಲಿ ಹಾಕಿದ ರಕ್ಷಣೆ) ನಿಧಾನ ಮಾಡಿತೆಂಬ ಭಯವಿದ್ದರೆ ಸಿಪಿಯು ಫ್ಲ್ಯಾಗ್‌ಗಳಲ್ಲಿ, ಅಂದರೆ ಸಿಪಿಯು ಸೌಲಭ್ಯಗಳ ಪಟ್ಟಿಯಲ್ಲಿ, 'ಪಿಸಿಐಡಿ' ಇದೆಯೇ ನೋಡಿ. ಇದ್ದರೆ ಹೊರೆ ಬಹಳ ತಗ್ಗುತ್ತದೆ. 'ನೋಪಿಟಿಐ' ಎಂಬ ಬೂಟ್ ಆಯ್ಕೆ ಹಾಕಿ ಆ ರಕ್ಷಣೆಯನ್ನೇ ತೆಗೆಯುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಇಷ್ಟಾದ ಮೇಲೂ ಸರಿಹೋಗದಿದ್ದರೆ, ಎರಡೂ ಕರ್ನಲ್‌ನಲ್ಲಿ ಒಂದೇ ಡೇಟಾ ಮೇಲೆ ಪಿಜಿಬೆಂಚ್ (ಪೋಸ್ಟ್‌ಗ್ರೆಸ್‌ನ ವೇಗ ಅಳೆಯುವ ಸಾಧನ) ಹತ್ತತ್ತು ನಿಮಿಷ ಓಡಿಸಿ ಅಂಕಿ ಇಲ್ಲಿ ಹಾಕಿ.