ಹಾಲಿನ ಪುಡಿಯಿಂದ ಶುರು ಮಾಡಿ

ನಮಸ್ಕಾರ.

ಪಿ53 ಎಂಬ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಹುಡುಕಿದ ಬಗ್ಗೆ ಕಾರವಾರದಿಂದ ನೀವು ಕಳುಹಿಸಿದ ‘ಜೀವಕೋಶದ ಕಾವಲುಗಾರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಬೇರೆಯವರಿಗೆ ಕಳುಹಿಸಿಬಿಡಬೇಡಿ. ಒಳಗೊಂದು ಒಳ್ಳೆಯ ಲೇಖನ ಹುದುಗಿದೆ.

ಮೊದಲ ಎರಡು ಪುಟ ತೆಗೆದುಹಾಕಿ. ಅಲ್ಲಿ ಪಿ53 ಪ್ರೋಟೀನು ಕಾವಲುಗಾರ, ಡಿಎನ್‌ಎ ಕೋಟೆ, ಪಿ53ನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ ಪತ್ತೇದಾರ. ಸಾಲದ್ದಕ್ಕೆ ಸದಾಶಿವಗಡವನ್ನೂ ಎಳೆದು ತಂದಿದ್ದೀರಿ. ಇಷ್ಟು ವೇಷಗಳು ರಂಗಕ್ಕೆ ಬಂದರೆ ಪ್ರಸಂಗ ಶುರುವಾಗುವುದು ಯಾವಾಗ? ಕೋಶಕೇಂದ್ರದಲ್ಲಿ ಡಿಎನ್‌ಎಯ ಗೊತ್ತಾದ ತಾಣಗಳಿಗೆ ಅಂಟಿಕೊಂಡು, ಕೋಶ ವಿಭಜನೆಯನ್ನು ತಡೆಯುವ ಜೀನ್‌ಗಳನ್ನು ಪಿ53 ಎಬ್ಬಿಸುತ್ತದೆ ಎಂದರೆ ಸಾಕು.

ಮೂರನೆಯ ಪುಟದಲ್ಲಿ, ಅದೂ ಆವರಣದೊಳಗೆ, ‘ಪೊರೆಯನ್ನು ಒಂದು ಗಂಟೆ ಹಾಲಿನ ಪುಡಿಯ ದ್ರಾವಣದಲ್ಲಿ ನೆನೆಸಲಾಯಿತು’ ಎಂದಿದ್ದೀರಿ. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತದ್ದು ಅಲ್ಲಿ. ಹಾಲೇಕೆ? ಬಲ್ಲವರನ್ನು ಕೇಳಿ ತಿಳಿದುಕೊಂಡೆ: ಕೋಶದ ಪ್ರೋಟೀನುಗಳನ್ನು ಜೆಲ್ ಎಂಬ ಲೋಳೆಪದರದಲ್ಲಿ ತೂಕದಂತೆ ಬೇರ್ಪಡಿಸಿ ಇಳಿಸುವ ಹಾಳೆಯಂಥ ಆ ಪೊರೆ ಕೈಗೆ ಸಿಕ್ಕ ಪ್ರೋಟೀನನ್ನೆಲ್ಲ ಹಿಡಿದುಕೊಳ್ಳುತ್ತದೆ, ಪ್ರತಿಕಾಯವೂ ಪ್ರೋಟೀನೇ. ಖಾಲಿ ಜಾಗವನ್ನು ಹಾಲಿನ ಪ್ರೋಟೀನು ಮೊದಲೇ ತುಂಬಿರದಿದ್ದರೆ ಪ್ರತಿಕಾಯ ಎಲ್ಲೆಂದರಲ್ಲಿ ಕುಳಿತು, ಪಿ53 ಇರುವಲ್ಲಿ ಮೂಡಬೇಕಾದ ಗೆರೆಯೇ ಮುಚ್ಚಿಹೋಗುತ್ತದೆ. ಇದನ್ನು ನೀವೇ ಹೇಳಬೇಕಿತ್ತು. ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಇನ್ನು, ‘ಲಾಯಿತು’ ಇಪ್ಪತ್ತಮೂರು ಸಲ ಬಂದಿದೆ, ಎಣಿಸಿದ್ದೇನೆ. ನೆನೆಸಿದ್ದು ನೀವು ತಾನೆ?

ಪ್ರತಿಕಾಯ ಇಡೀ ಪ್ರೋಟೀನನ್ನು ಗುರುತಿಸುತ್ತದೆ ಎಂಬುದು ತಪ್ಪು. ನೀವು ಬಳಸಿದ ಡಿಒ-1 ಎಂಬ ಪ್ರತಿಕಾಯ ಹಿಡಿಯುವುದು 393 ಅಮೈನೊ ಆಮ್ಲಗಳ ಸರಪಳಿಯಲ್ಲಿ 20ರಿಂದ 25ರವರೆಗಿನ ಚೂರನ್ನು ಮಾತ್ರ. ಇಲಿಯಲ್ಲಿ ಆ ಚೂರು ತುಸು ಬೇರೆ, ಹಾಗಾಗಿಯೇ ಅದಕ್ಕೆ ಮನುಷ್ಯನ ಪಿ53 ಸಿಗುತ್ತದೆ, ಇಲಿಯದು ಸಿಗುವುದಿಲ್ಲ. ‘53 ಕಿಲೋಡಾಲ್ಟನ್ ತೂಗುವ’ ಎಂಬುದೂ ಸರಿಯಲ್ಲ. ಅಣುಗಳನ್ನು ತೂಗುವ ಆ ಮಾನದಲ್ಲಿ ನಿಜವಾದ ತೂಕ ಸುಮಾರು 44. ಜೆಲ್‌ನಲ್ಲಿ ನಿಧಾನವಾಗಿ ಸಾಗಿ ಭಾರದ್ದೆಂದು ನಂಬಿಸಿತು. 1979ರಲ್ಲಿ ಪತ್ತೆಯಾದ ಪ್ರೋಟೀನಿಗೆ ಆ ತಪ್ಪು ತೂಕವೇ ಹೆಸರಾಗಿ ಉಳಿಯಿತು. ಇಂಥ ಸ್ವಾರಸ್ಯವನ್ನು ಕೈಬಿಟ್ಟು ಕೋಟೆ ಕಟ್ಟಿದ್ದೀರಲ್ಲ!

ಕೊನೆಯ ಪುಟದ ಒಂದು ವಾಕ್ಯ ಮಾತ್ರ ನನ್ನನ್ನು ಬಿಡುತ್ತಿಲ್ಲ: ‘ಕೆಳಗೆ ಮತ್ತೊಂದು ಮಸುಕು ಗೆರೆ ಕಾಣಿಸಿತು, ಅದನ್ನು ಕಡೆಗಣಿಸಲಾಯಿತು.’ ಯಾಕೆ? ಇಲ್ಲಿ ಶಿರಸಿಯಲ್ಲಿ ಅಡಿಕೆ ಆರಿಸುವವರು ರಾಶಿಯ ನಡುವೆ ಬೇರೆ ದರ್ಜೆಯ ಒಂದು ಬೆಟ್ಟೆ ಅಡಿಕೆ ಕಂಡರೂ ಕೈ ನಿಲ್ಲಿಸುತ್ತಾರೆ. ಪಿ53 ತಯಾರಿಸಲಾರದ ಎಚ್1299 ಕೋಶಗಳ ಸಾರವನ್ನು ಅದೇ ಜೆಲ್‌ನಲ್ಲಿ ಪಕ್ಕದಲ್ಲೇ ಓಡಿಸಿದ್ದಿರಾ? ಅಲ್ಲಿಯೂ ಆ ಗೆರೆ ಬಂದಿದ್ದರೆ ಪ್ರತಿಕಾಯ ಬೇರೆ ಯಾವುದಕ್ಕೋ ಅಂಟಿದೆ ಎಂದರ್ಥ. ಬಾರದಿದ್ದರೆ ಅದು ಪಿ53ರದೇ ತುಂಡಾಗಿರಬಹುದು. ಆ ದಿನ ನಿಮಗೇನು ಅನ್ನಿಸಿತು, ಮಾರ್ಗದರ್ಶಕರು ಏನೆಂದರು, ಮರುದಿನ ಏನು ಮಾಡಿದಿರಿ, ಇಷ್ಟನ್ನು ಬರೆಯಿರಿ. ಏನೂ ಮಾಡಲಿಲ್ಲವಾದರೆ ಅದನ್ನೂ ಬರೆಯಿರಿ.

ಒಂಬೈನೂರು ಪದ ಮೀರಬೇಡಿ. ಪೊರೆಯ ಚಿತ್ರವನ್ನು ಕತ್ತರಿಸದೆ, ಕೆಳಗಿನ ಗೆರೆಯೂ ಕಾಣುವಂತೆ ಕಳುಹಿಸಿ.

— ಸಂಪಾದಕ, ಶಿರಸಿ