ಮುಖದ ನವಿರು ಕೂದಲಿಗೆ ರೇಜರ್ ಬಳಸಬಹುದೇ?

ಪ್ರಶ್ನೆ: ನನಗೆ 24 ವರ್ಷ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಸೇವಂತಿಗೆ ತೋಟ. ಬೆಳಗಿನ ಹೊತ್ತು ನಾನೂ ಹೂ ಬಿಡಿಸುತ್ತೇನೆ. ಕೆನ್ನೆಯ ಮೇಲೆ ನವಿರು ಕೂದಲಿದ್ದು, ಪೌಡರ್ ಹಚ್ಚಿದರೆ ಎದ್ದು ಕಾಣುತ್ತದೆ, ಚರ್ಮವೂ ಒರಟಾಗಿದೆ. ಎರಡು ತಿಂಗಳಲ್ಲಿ ಮದುವೆ. ಮುಖಕ್ಕೆಂದೇ ಸಿಗುವ ರೇಜರ್ ತಂದಿದ್ದೇನೆ. ಆದರೆ ಬ್ಲೇಡ್ ತಾಗಿಸಿದರೆ ಗಡ್ಡ ಬರುತ್ತದೆ, ಕಡಲೆಹಿಟ್ಟಿಗೆ ಅರಿಶಿನ ಬೆರೆಸಿ ತಿಕ್ಕಿದರೆ ಸಾಕು ಎಂದು ಅಮ್ಮ ತಡೆಯುತ್ತಿದ್ದಾರೆ. ಏನು ಮಾಡಲಿ?

ಉತ್ತರ: ರೇಜರ್ ಬಳಸಬಹುದು, ಗಡ್ಡ ಬರುವುದಿಲ್ಲ. ಕೂದಲಿನ ದಪ್ಪ, ಬಣ್ಣ, ಬೆಳೆಯುವ ವೇಗ ಎಲ್ಲವೂ ಚರ್ಮದೊಳಗಿನ ಬುಡದಲ್ಲಿ ನಿರ್ಧಾರವಾಗುತ್ತವೆ. ಅಲಗು ಅಲ್ಲಿಗೆ ತಲುಪುವುದೇ ಇಲ್ಲ. ತಾನಾಗಿ ಬೆಳೆದ ಕೂದಲಿನ ತುದಿ ಚೂಪಾಗಿದ್ದು, ಕತ್ತರಿಸಿದಾಗ ಮೊಂಡಾಗುವುದರಿಂದ, ಮರಳಿ ಬರುವಾಗ ಬೆರಳಿಗೆ ಒರಟೆನಿಸುತ್ತದೆ. ನಿಮ್ಮ ತಾಯಿಯವರಿಗೆ ಆತಂಕವಾಗಿರುವುದು ಇದರಿಂದಲೇ ಇರಬೇಕು.

ನನಗೆ ಹೆಚ್ಚು ಭಯವಿರುವುದು ತಿಕ್ಕುವುದರ ಬಗ್ಗೆ. ಒಣಗಿದ ಕಡಲೆಹಿಟ್ಟನ್ನು ಕೂದಲು ಉದುರಲೆಂದು ಬಲವಾಗಿ ಉಜ್ಜಿದರೆ ಚರ್ಮ ಕೆರಳುತ್ತದೆ, ಮತ್ತು ನಮ್ಮಂಥವರ ಗೋಧಿ ಬಣ್ಣದ ಅಥವಾ ಕಪ್ಪು ಚರ್ಮದಲ್ಲಿ ಆ ಉರಿ ಶಮನವಾದ ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಅದಕ್ಕೆ ನಿಂಬೆರಸವನ್ನೂ ಸೇರಿಸಿ ಬಿಸಿಲಿಗೆ ಹೋದರೆ ಸುಟ್ಟಂತೆ ಬೊಬ್ಬೆ ಏಳಬಹುದು. ಚರ್ಮದ ಮೇಲ್ಪದರ ಸುಮಾರು ನಾಲ್ಕು ವಾರಗಳಲ್ಲಿ ತಾನಾಗಿಯೇ ಹೊಸದಾಗುತ್ತದೆ. ಉದುರಲು ಸಿದ್ಧವಾದ ಸತ್ತ ಚರ್ಮ ರೇಜರಿನೊಂದಿಗೇ ಬರುವುದರಿಂದ ಆ ವಾರ ಬೇರೆ ಸ್ಕ್ರಬ್ ಬೇಡವೇ ಬೇಡ.

ಈ ಕೆಲಸವನ್ನು ರಾತ್ರಿ ಮಾಡಿ. ಮುಖ ತೊಳೆದು ಪೂರ್ತಿ ಒಣಗಿಸಿ, ಒಂದು ಕೈಯಿಂದ ಕೆನ್ನೆಯ ಚರ್ಮವನ್ನು ಕಿವಿಯ ಕಡೆಗೆ ಬಿಗಿಯಾಗಿ ಹಿಡಿದು, ಹೊಸ ಅಲಗನ್ನು ಸುಮಾರು 45 ಡಿಗ್ರಿ ಓರೆಯಾಗಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲೇ ಒತ್ತದೆ ಸಣ್ಣಸಣ್ಣದಾಗಿ ಎಳೆಯಿರಿ. ಎರಡು ಮೂರು ಎಳೆತಕ್ಕೆ ಅಲಗಿನ ಅಂಚಿನಲ್ಲಿ ಬೂದುಬಿಳಿ ಪುಡಿಯೂ ಎಳೆಗೂದಲೂ ಕೂಡಿಕೊಳ್ಳುತ್ತವೆ. ಹತ್ತಿಯಲ್ಲಿ ಒರೆಸಿ ಮುಂದುವರಿಸಿ. ಒಂದೇ ಜಾಗವನ್ನು ಮತ್ತೆ ಮತ್ತೆ ಕೆರೆಯಬೇಡಿ. ಕೀವು ತುಂಬಿದ ಮೊಡವೆಯೋ ತುಟಿಯ ಬಳಿ ಗುಳ್ಳೆಯೋ ಇದ್ದರೆ ಅದು ವಾಸಿಯಾಗುವವರೆಗೆ ಕಾಯಿರಿ. ಮೊಡವೆ, ಸುಕ್ಕಿಗೆಂದು ರೆಟಿನಾಲ್ (ವಿಟಮಿನ್ ಎ ಬಗೆಯ) ಕ್ರೀಂ ಹಚ್ಚುವವರು ಹಿಂದೆ ಮುಂದೆ ಕೆಲವು ದಿನ ಅದನ್ನು ನಿಲ್ಲಿಸಬೇಕು. ರೇಜರನ್ನು ಮನೆಯವರೊಂದಿಗೂ ಹಂಚಿಕೊಳ್ಳಬಾರದು.

ಮುಗಿದ ಮೇಲೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು. ಮರುದಿನದಿಂದ ತೋಟಕ್ಕೆ ಹೋಗುವ ಮುನ್ನ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ನಿಮಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು: ಸೇವಂತಿಗೆಯ ಗಿಡ ಮತ್ತು ಹೂವಿನಲ್ಲಿರುವ ಕೆಲವು ಅಂಶಗಳು ಹಲವರಿಗೆ ಚರ್ಮದ ಅಲರ್ಜಿ ತರುತ್ತವೆ. ಆದ್ದರಿಂದ ರೇಜರ್ ಬಳಸಿದ ನಂತರದ ಒಂದೆರಡು ದಿನ ತೋಟದ ಕೆಲಸ ಬಿಡುವುದು ಒಳ್ಳೆಯದು. ಆಗದಿದ್ದರೆ ಹೂ ಬಿಡಿಸಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಮುಖಕ್ಕೆ ತಾಗಿಸಬೇಡಿ.

ಮೊದಲ ಪ್ರಯೋಗ ಈ ತಿಂಗಳೇ ಆಗಲಿ, ಅದೂ ದವಡೆಯ ಪಕ್ಕದ ಸಣ್ಣ ಭಾಗದಲ್ಲಿ. ಚರ್ಮ ಒಗ್ಗಿದರೆ ಮೂರು ನಾಲ್ಕು ವಾರಕ್ಕೊಮ್ಮೆ ಮಾಡಬಹುದು. ಕೊನೆಯ ಸಲ ಅರಿಶಿನ ಶಾಸ್ತ್ರಕ್ಕೆ ನಾಲ್ಕೈದು ದಿನ ಮುಂಚೆಯೇ ಮುಗಿಸಿಕೊಂಡರೆ ಅಂದು ಹಚ್ಚುವ ಅರಿಶಿನ ಉರಿಯುವುದಿಲ್ಲ, ತಾಯಿಯವರಿಗೂ ಸಮಾಧಾನವಾಗುತ್ತದೆ.

ಗದ್ದದ ಮೇಲೆ ದಪ್ಪ ಕಪ್ಪು ಕೂದಲು ಬರುತ್ತಿದ್ದು ಮುಟ್ಟೂ ಏರುಪೇರಾಗಿದ್ದರೆ ಪಿಸಿಓಡಿ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ಪರೀಕ್ಷಿಸಿಕೊಳ್ಳಿ. ಬೆಳ್ಳಗಾಗಲೆಂದು ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದ ಕ್ರೀಂ ಹಚ್ಚುತ್ತಿದ್ದರೆ ಅದರ ಟ್ಯೂಬನ್ನು ಚರ್ಮರೋಗ ವೈದ್ಯರಿಗೆ ತೋರಿಸಿ. ಅಂಥ ಹಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಚರ್ಮವನ್ನು ತೆಳುವಾಗಿಸಿ ಮುಖದ ಕೂದಲನ್ನು ಹೆಚ್ಚಿಸುತ್ತದೆ, ಮತ್ತು ಏಕಾಏಕಿ ಬಿಟ್ಟರೆ ಮುಖ ಕೆಂಪಾಗಿ ಉರಿಯುವುದರಿಂದ ವೈದ್ಯರು ಹೇಳಿದಂತೆ ಹಂತಹಂತವಾಗಿ ನಿಲ್ಲಿಸಬೇಕಾಗುತ್ತದೆ.